ಗೋಡೆಗೆ ಬಣ್ಣ ಬೇಡ, ಬ್ಯಾಟರಿ ನೋಡ್ತೀರಾ?

ಮೇ ತಿಂಗಳ ಒಂದು ಭಾನುವಾರ. ಆರಾಧನೆ ಮುಗಿದ ಮೇಲೆ ಚರ್ಚ್ ಅಂಗಳದ ಮಾವಿನ ಮರದ ಕೆಳಗೆ ನಾವು ಐವರು ಚಹಾ ಕುಡಿಯುತ್ತಾ ನಿಂತಿದ್ದೆವು. ನಮ್ಮಲ್ಲಿ ಇಬ್ಬರು ಇಂಜಿನಿಯರಿಂಗ್, ಒಬ್ಬಳು ನರ್ಸಿಂಗ್, ಒಬ್ಬ ಬಿ.ಕಾಂ. ಇನ್ನೊಬ್ಬ ಪದವಿ ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದಾನೆ. ‘ಸೆಮಿಸ್ಟರ್ ರಜೆಯಲ್ಲಿ ನೇಪಾಳಕ್ಕೆ ಮಿಷನ್ ಟ್ರಿಪ್ ಹೋಗುವನಾ?’ ಎಂದು ಅವನೇ ಮೊದಲು ಕೇಳಿದ. ಪಾಲ್ಪಾ ಜಿಲ್ಲೆಯ ಬೆಟ್ಟದ ಮೇಲೆ ನಮ್ಮ ಸಭೆಯವರಿಗೆ ಪರಿಚಯವಿರುವ ಒಂದು ಸಣ್ಣ ಶಾಲೆಯಿದೆ. ಅದಕ್ಕೆ ಸೇರಿದ ಹಾಸ್ಟೆಲಿನಲ್ಲಿ ನಲವತ್ತರಷ್ಟು ಮಕ್ಕಳಿದ್ದಾರೆ. ಚಹಾ ಮುಗಿಯುವುದರೊಳಗೆ ನಾವು ಹೊರಟೇಬಿಟ್ಟಿದ್ದೆವು.

ಆವತ್ತೇ ಸಂಜೆ ವಾಟ್ಸ್‌ಆ್ಯಪ್ ಗುಂಪು ಶುರುವಾಯಿತು. ಹತ್ತು ದಿನದ ಪಟ್ಟಿಯೂ ತಯಾರಾಯಿತು. ಮೂರು ದಿನ ಹಾಸ್ಟೆಲಿನ ಗೋಡೆಗೆ ಬಣ್ಣ ಬಳಿಯುವುದು, ಎರಡು ಸಂಜೆ ಹಾಡು ಮತ್ತು ಕಿರುನಾಟಕ, ಒಂದು ದಿನ ಮಕ್ಕಳಿಗೆ ಉಡುಗೊರೆ, ಒಂದು ದಿನ ಪೋಖರಾ, ಎರಡು ದಿನ ಕಠ್ಮಂಡು, ಉಳಿದದ್ದು ಪ್ರಯಾಣ. ಒಂದೇ ಬಣ್ಣದ ಟಿ-ಶರ್ಟ್‌ಗೆ ಡಿಸೈನ್ ಕೂಡ ಆಯಿತು. ವಿಮಾನದ ಟಿಕೆಟ್ ಸೇರಿ ತಲೆಗೆ 38 ಸಾವಿರ ರೂಪಾಯಿ. ನಮ್ಮ ವಿಟಿಯುನಲ್ಲಿ ಪದವಿ ಸಿಗಬೇಕಾದರೆ ನಾಲ್ಕು ವರ್ಷದಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ‘ಇದಕ್ಕೆ ಪಾಯಿಂಟ್ ಸಿಗ್ತದಾ ಮಾರಾಯ?’ ಎಂದು ಮೆಕ್ಯಾನಿಕಲ್ ಓದುವ ಗೆಳೆಯ ಕೇಳಿದ. ಎಲ್ಲರೂ ನಕ್ಕೆವು. ನಿಜ ಹೇಳಬೇಕೆಂದರೆ ನನಗೂ ಅದೇ ಪ್ರಶ್ನೆ ಮನಸ್ಸಿನಲ್ಲಿ ಬಂದಿತ್ತು.

ಈಗ ಆರು ತಿಂಗಳಾಗಿದೆ. ನಾವಿನ್ನೂ ಹೊರಟಿಲ್ಲ. ಆದರೆ ಆ ಪಟ್ಟಿಯಲ್ಲಿದ್ದ ಯಾವುದೂ ಈಗ ಉಳಿದಿಲ್ಲ. ಹೋಗುವುದಕ್ಕಿಂತ ಹೋಗುವ ತಯಾರಿಯಲ್ಲೇ ನಾನು ಹೆಚ್ಚು ಕಲಿತೆ ಅನ್ನಿಸುತ್ತಿದೆ. ರಜೆಯಲ್ಲಿ ಯಾವುದಾದರೂ ಊರಿಗೆ ‘ಸೇವೆ’ಗೆಂದು ಹೋಗುವವರು ನಮ್ಮ ಧರ್ಮದಲ್ಲಿ ಮಾತ್ರ ಇಲ್ಲ. ಎನ್‌ಎಸ್‌ಎಸ್ ಶಿಬಿರಕ್ಕೆ, ನೆರೆ ಬಂದ ಊರಿಗೆ, ಕಂಬಳಿ ಹಂಚಲಿಕ್ಕೆ ಹೋಗುವ ನಿಮಗೂ ಇದು ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಹಾಸ್ಟೆಲ್ ರೂಮಿನಲ್ಲೇ ಬಿತ್ತು. ನನ್ನ ರೂಂಮೇಟ್ ಉಡುಪಿ ಕಡೆಯ ಬ್ರಾಹ್ಮಣರ ಹುಡುಗ. ಮೂರು ವರ್ಷದಿಂದ ಒಂದೇ ಬಕೆಟ್ ಹಂಚಿಕೊಂಡವರು ನಾವು. ವಿಷಯ ಕೇಳಿದವನೇ, ‘ಎಂತ, ಮತಾಂತರ ಮಾಡ್ಲಿಕ್ಕೆ ಹೋಗುದಾ?’ ಎಂದ. ತಮಾಷೆಗೆ ಹೇಳಿದ್ದನೋ ಗಂಭೀರವಾಗಿಯೋ ಗೊತ್ತಾಗಲಿಲ್ಲ. ನನಗೆ ಸಿಟ್ಟು ಬಂತು. ಈ ಪ್ರಶ್ನೆ ನಮ್ಮಂಥವರಿಗೆ ಹೊಸದಲ್ಲ. ಕ್ರಿಸ್‌ಮಸ್ ಹಾಡಿಗೆ ಹೋದರೂ ಕೇಳುತ್ತಾರೆ, ರಕ್ತದಾನ ಶಿಬಿರ ಮಾಡಿದರೂ ಕೇಳುತ್ತಾರೆ. ‘ಅಲ್ಲ ಮಾರಾಯ, ಗೋಡೆಗೆ ಬಣ್ಣ ಹೊಡೀಲಿಕ್ಕೆ’ ಎಂದೆ. ಅವನು ಸುಮ್ಮನಿರದೆ, ‘ಬಣ್ಣ ಹೊಡೀಲಿಕ್ಕೆ ಮಂಗಳೂರಿನಿಂದ ಯಾಕೆ ಹೋಗ್ಬೇಕು? ಅಲ್ಲಿ ಪೇಂಟರ್ ಇಲ್ವಾ?’ ಎಂದ. ಮೊದಲ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಎರಡನೆಯದಕ್ಕೆ ಉತ್ತರ ಇರಲಿಲ್ಲ.

ಅವನ ಮೊದಲ ಪ್ರಶ್ನೆಯನ್ನೂ ಬಿಡಲಾಗಲಿಲ್ಲ. ನೇಪಾಳದ ಕಾನೂನು ಏನು ಹೇಳುತ್ತದೆ ಎಂದು ಆ ರಾತ್ರಿ ಓದಿದೆ. 2015ರಲ್ಲಿ ಜಾರಿಗೆ ಬಂದ ಅವರ ಸಂವಿಧಾನದ 26ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಆಚರಿಸುವ ಹಕ್ಕು ಕೊಡುತ್ತದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ಅದೇ ವಿಧಿ ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡಸಂಹಿತೆಯ ಪ್ರಕಾರ ಇದಕ್ಕೆ ಐದು ವರ್ಷದವರೆಗೆ ಜೈಲು, 50 ಸಾವಿರ ನೇಪಾಳಿ ರೂಪಾಯಿವರೆಗೆ ದಂಡ. ತಪ್ಪು ಮಾಡಿದವರು ವಿದೇಶಿಯರಾಗಿದ್ದರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ ಹಾಕುತ್ತಾರೆ. ನಮ್ಮ ಪಟ್ಟಿಯಲ್ಲಿದ್ದ ಕಿರುನಾಟಕ, ಬಿಸ್ಕತ್ತಿನ ಜೊತೆ ಕೊಡಬೇಕೆಂದಿದ್ದ ಚಿಕ್ಕ ಪುಸ್ತಕ ಎರಡೂ ಕಣ್ಣಮುಂದೆ ಬಂದವು. ನಾವು ಐವರು ಬಂದುಬಿಡುತ್ತೇವೆ. ತೊಂದರೆಯಾದರೆ ಅನುಭವಿಸುವವರು ಅಲ್ಲಿಯ ಶಾಲೆಯವರು, ಆ ಊರಿನ ಸಣ್ಣ ಸಭೆಯವರು. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ.

ಗುಂಪಿನಲ್ಲಿ ಇದನ್ನು ಹಾಕಿದಾಗ ಜೋರು ಜಗಳವೇ ಆಯಿತು. ಬಿ.ಕಾಂ. ಗೆಳೆಯನ ವಾದ ಒಂದೇ. ‘ಸುವಾರ್ತೆ ಹೇಳ್ಲಿಕ್ಕಿಲ್ಲ ಅಂದ್ರೆ ಅದು ಮಿಷನ್ ಹೇಗಾಯ್ತು? ಟೂರ್ ಅಂತ ಹೇಳು.’ ಅವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅವನು ನಂಬಿಕೆಯಲ್ಲಿ ನನಗಿಂತ ಗಟ್ಟಿ. ಆದರೆ ಹಸಿದ ಮಗುವಿನ ಒಂದು ಕೈಗೆ ಬಿಸ್ಕತ್ತು, ಇನ್ನೊಂದು ಕೈಗೆ ಪುಸ್ತಕ ಕೊಟ್ಟರೆ ಮಗು ಯಾವುದಕ್ಕೆ ಕೈ ಚಾಚಿತು ಎಂದು ನಮಗೆ ಹೇಗೆ ಗೊತ್ತಾಗಬೇಕು? ಯಾರಾದರೂ ‘ನೀವು ಯಾಕೆ ಬಂದಿರಿ, ಏನನ್ನು ನಂಬುತ್ತೀರಿ’ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳೋಣ. ಸಹಾಯದ ಜೊತೆ ಕಟ್ಟಿ ಕೊಡುವುದು ಬೇಡ. ಇದು ನನ್ನ ಅಭಿಪ್ರಾಯ. ಕಾನೂನಿನ ಹೆದರಿಕೆಯಿಂದ ಮಾತ್ರ ಹೇಳಿದ್ದಲ್ಲ.

ಎರಡನೆಯ ಪೆಟ್ಟು ಬಿದ್ದದ್ದು ಹಾಸ್ಟೆಲ್ ಗೇಟಿನಲ್ಲಿ. ನಮ್ಮ ಹಾಸ್ಟೆಲಿನ ರಾತ್ರಿ ವಾಚ್‌ಮನ್ ನೇಪಾಳದವರು. ಮೂರು ವರ್ಷದಿಂದ ದಿನಾ ನೋಡುತ್ತೇವೆ. ನಾವೆಲ್ಲ ಕರೆಯುವುದು ‘ಗೂರ್ಖಾ’ ಎಂದು. ನೇಪಾಳಿ ಕಲಿಸಿಕೊಡುತ್ತೀರಾ ಎಂದು ಕೇಳಲು ಹೋದಾಗಲೇ ಗೊತ್ತಾದದ್ದು, ನನಗೆ ಅವರ ಹೆಸರೇ ತಿಳಿದಿಲ್ಲ ಎಂದು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅವರೇ ಬೇಡ ಎಂದರು. ನೇಪಾಳಿಯಲ್ಲಿ ಅಣ್ಣನಿಗೆ ‘ದಾಯಿ’ ಎನ್ನುತ್ತಾರೆ. ಈಗ ನಾವು ಹಾಗೆಯೇ ಕರೆಯುತ್ತೇವೆ.

ದಾಯಿಯ ಊರು ನೇಪಾಳದ ಪಶ್ಚಿಮದ ದೈಲೇಖ್ ಜಿಲ್ಲೆ. ಅಲ್ಲಿಂದ ಕೆಲಸಕ್ಕಾಗಿ ಭಾರತಕ್ಕೆ ಬರುವುದು ಅಜ್ಜನ ಕಾಲದಿಂದಲೂ ಇದೆಯಂತೆ. ದಾಯಿ ಇಲ್ಲಿ, ಅವರ ಹೆಂಡತಿ ಇಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ. ಎಂಟು ವರ್ಷದ ಮಗಳು ಮಾತ್ರ ಅಲ್ಲಿ, ಒಂದು ಹಾಸ್ಟೆಲಿನಲ್ಲಿ. ನಾವು ಹೋಗುವ ಹಾಸ್ಟೆಲ್ ಅಲ್ಲ, ಬೇರೆಯದು. ನಾನು ಉತ್ಸಾಹದಿಂದ ನಮ್ಮ ಪಟ್ಟಿಯನ್ನು ಹೇಳಿದೆ. ಮಕ್ಕಳ ಜೊತೆ ಆಟ, ಉಡುಗೊರೆ, ಫೋಟೊ. ಅವರು ಎಲ್ಲ ಕೇಳಿಸಿಕೊಂಡು ತಮ್ಮ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಯಾರೋ ಬಂದು ಹೋದವರು ಇಂಟರ್‌ನೆಟ್‌ನಲ್ಲಿ ಹಾಕಿದ್ದಂತೆ. ಮಕ್ಕಳ ಗುಂಪಿನ ನಡುವೆ ಅವರ ಮಗಳು, ಕೈಯಲ್ಲಿ ಬಿಸ್ಕತ್ತು ಪ್ಯಾಕೆಟ್. ಊರಿನವರೊಬ್ಬರು ಅದನ್ನು ನೋಡಿ ಇವರಿಗೆ ಕಳಿಸಿದ್ದರು. ಕೆಳಗೆ ‘ಅನಾಥ ಮಕ್ಕಳೊಂದಿಗೆ ಒಂದು ದಿನ’ ಎಂದು ಬರೆದಿತ್ತು. ‘ಅಪ್ಪ ಇದ್ದೀನಿ ಭಾಯಿ, ಅಮ್ಮ ಇದ್ದಾಳೆ’ ಎಂದರು ದಾಯಿ. ಸಿಟ್ಟಿನಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ತಲೆ ಎತ್ತಿ ನೋಡಲು ಆಗಲಿಲ್ಲ.

ಆಮೇಲೆ ಹುಡುಕಿದರೆ ಇದು ಒಬ್ಬರ ಕಥೆಯಲ್ಲ. ನೇಪಾಳದಲ್ಲಿ ಅನಾಥಾಲಯಗಳೆಂದು ಕರೆಯುವ ಕಡೆ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂದು ಮಕ್ಕಳ ಹಕ್ಕಿನ ಬಗ್ಗೆ ಕೆಲಸ ಮಾಡುವವರು ವರ್ಷಗಳಿಂದ ಹೇಳುತ್ತಿದ್ದಾರೆ. ಬಡತನ, ಊರಿನಲ್ಲಿ ಒಳ್ಳೆಯ ಶಾಲೆ ಇಲ್ಲದಿರುವುದು, ಅಪ್ಪ ಅಮ್ಮ ಕೆಲಸಕ್ಕೆ ಹೊರಗೆ ಹೋಗುವುದು ಇದಕ್ಕೆ ಕಾರಣ. ನೋಡಲು ಬರುವ ವಿದೇಶಿಯರು ಹೆಚ್ಚಾದಷ್ಟೂ ಇಂಥ ಕೆಲವು ಕಡೆ ಮಕ್ಕಳನ್ನು ತಂದು ತುಂಬಿಸುವವರೂ ಹೆಚ್ಚಾದರು. ನಮ್ಮ ನರ್ಸಿಂಗ್ ಗೆಳತಿ ಒಂದೇ ಪ್ರಶ್ನೆ ಕೇಳಿದಳು. ‘ಗುರುತಿಲ್ಲದ ಐದು ಜನ ಬೇರೆ ದೇಶದವರು ನಮ್ಮೂರಿನ ಅಂಗನವಾಡಿಗೆ ಬಂದು ಮಕ್ಕಳನ್ನು ಎತ್ತಿಕೊಂಡು ಸೆಲ್ಫಿ ತೆಗೆದ್ರೆ ನಿಮ್ಮಮ್ಮ ಬಿಡ್ತಾರಾ?’ ಬಿಡುವುದಿಲ್ಲ. ಪೊರಕೆ ಹಿಡಿಯುತ್ತಾರೆ.

ಆ ವಾರ ನಾವು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆವು. ಶಾಲೆಯವರಿಗೆ ಒಂದು ಪತ್ರ ಬರೆದೆವು. ‘ನಾವು ಇಂಥಿಂಥದ್ದು ಮಾಡುತ್ತೇವೆ’ ಎಂದು ಬರೆಯಲಿಲ್ಲ. ‘ನಿಮಗೆ ಏನು ಬೇಕು? ನಾವು ಬರುವುದು ಬೇಡವೆಂದರೂ ಬೇಸರವಿಲ್ಲ’ ಎಂದು ಬರೆದೆವು. ಹನ್ನೆರಡು ದಿನಕ್ಕೆ ಉತ್ತರ ಬಂತು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಸಂಕೋಚದಿಂದಲೇ ಬರೆದಿದ್ದರು. ಗೋಡೆಗೆ ಕಳೆದ ವರ್ಷ ಒಂದು ತಂಡ ಬಣ್ಣ ಬಳಿದಿದೆ, ಅದಕ್ಕೂ ಹಿಂದಿನ ವರ್ಷ ಇನ್ನೊಂದು ತಂಡ ಬಳಿದಿತ್ತು. ಈಗ ಬಣ್ಣ ಬೇಡ. ದಾನಿಗಳು ಕೊಟ್ಟ ಸೋಲಾರ್ ವ್ಯವಸ್ಥೆ ಕೆಟ್ಟು ಎಂಟು ತಿಂಗಳಾಗಿದೆ, ಸಂಜೆ ಕರೆಂಟ್ ಹೋದರೆ ಮಕ್ಕಳು ಓದುವಂತಿಲ್ಲ. ನಿಮ್ಮಲ್ಲಿ ಇಂಜಿನಿಯರ್‌ಗಳಿದ್ದಾರಂತೆ. ಬ್ಯಾಟರಿ ನೋಡ್ತೀರಾ? ಸಾಧ್ಯವಾದರೆ ನಮ್ಮ ಊರಿನ ಇಬ್ಬರು ಹುಡುಗರಿಗೆ ಅದನ್ನು ನೋಡಿಕೊಳ್ಳುವುದು ಕಲಿಸಿಕೊಡಿ.

ನಾನು ಇಲೆಕ್ಟ್ರಿಕಲ್ ವಿದ್ಯಾರ್ಥಿ. ಐದನೇ ಸೆಮಿಸ್ಟರ್. ಈವರೆಗೆ ಒಂದು ಸಬ್ಜೆಕ್ಟ್ ಕೂಡ ಬ್ಯಾಕ್ ಇಲ್ಲ. ಲೆಡ್ ಆ್ಯಸಿಡ್ ಬ್ಯಾಟರಿಯ ರಾಸಾಯನಿಕ ಸಮೀಕರಣವನ್ನು ಈಗ ಕೇಳಿದರೂ ಬರೆಯುತ್ತೇನೆ. ಆದರೆ ಒಂದು ಬ್ಯಾಟರಿಯ ಮುಚ್ಚಳವನ್ನು ಬಿಚ್ಚಿ ನೋಡಿದವನಲ್ಲ. ನಮ್ಮೂರು ಮೂಲ್ಕಿಯ ಹತ್ತಿರ. ಅಲ್ಲಿ ಇನ್ವರ್ಟರ್ ರಿಪೇರಿ ಮಾಡುವ ಅಣ್ಣನೊಬ್ಬರ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಅವರು ಎಸ್‌ಎಸ್‌ಎಲ್‌ಸಿ ಓದಿದವರು. ‘ಬ್ಯಾಟರಿಗೆ ಯಾವ ನೀರು ಹಾಕುದು?’ ಎಂದು ಕೇಳಿದರು. ಡಿಸ್ಟಿಲ್ಡ್ ವಾಟರ್ ಎಂದೆ. ‘ಎಷ್ಟು ಹಾಕುದು? ಯಾವಾಗ ಹಾಕುದು? ಚಾರ್ಜ್ ಆಗುವ ಮೊದ್ಲಾ, ಆದ ಮೇಲಾ?’ ನನ್ನ ಬಾಯಿ ಕಟ್ಟಿತು. ‘ಬಿ.ಇ. ಅಂತೆ!’ ಎಂದು ಒಳಗಿದ್ದ ಹುಡುಗನಿಗೆ ಹೇಳಿ ನಕ್ಕರು. ಮತ್ತೆ, ‘ಶನಿವಾರ ಶನಿವಾರ ಬಾ’ ಎಂದರು.

ಎಂಟು ಶನಿವಾರ ಹೋದೆ. ಮೆಕ್ಯಾನಿಕಲ್ ಗೆಳೆಯನೂ ಬಂದ. ಹೈಡ್ರೋಮೀಟರ್ ಹಿಡಿದು ಒಂದೊಂದು ಸೆಲ್‌ನ ಸಾಂದ್ರತೆ ನೋಡುವುದು, ಯಾವ ಸೆಲ್ ಸತ್ತಿದೆ ಎಂದು ಗುರುತಿಸುವುದು, ಟರ್ಮಿನಲ್ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆಯುವುದು, ಆ್ಯಸಿಡ್ ತಾಗಿದರೆ ಏನು ಮಾಡುವುದು, ಎಲ್ಲ ಕಲಿತೆವು. ನನ್ನ ಎರಡು ಪ್ಯಾಂಟಿಗೆ ತೂತು ಬಿತ್ತು. ತುಂಬ ದಿನ ನೀರು ಹಾಕದೆ, ಪೂರ್ತಿ ಖಾಲಿಯಾಗುವವರೆಗೆ ಬಳಸಿ ಹಾಗೆಯೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಪುಸ್ತಕದಲ್ಲಿ ಇದು ಎರಡು ಸಾಲು. ಅಂಗಡಿಯಲ್ಲಿ ಅದು ಯಾರದೋ ಮನೆಯ ಹದಿನೈದು ಸಾವಿರ ರೂಪಾಯಿ. ಆ ಶಾಲೆಯದ್ದೂ ಹೆಚ್ಚುಕಡಿಮೆ ಇದೇ ಕಥೆ ಎಂದು ಅವರು ಕಳಿಸಿದ ಫೋಟೊ ನೋಡಿ ಅಣ್ಣ ಹೇಳಿದರು. ಸೋಲಾರ್ ಕೊಟ್ಟವರು ಅದನ್ನು ನೋಡಿಕೊಳ್ಳುವುದು ಹೇಗೆಂದು ಯಾರಿಗೂ ಕಲಿಸಿ ಹೋಗಿರಲಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನ್ನ ರೆಸ್ಯೂಮೆಯಲ್ಲಿ ಈಗ ಹೇಳಿಕೊಳ್ಳುವಂಥ ಒಂದು ಸಾಲಿದ್ದರೆ ಅದು ಈ ಎಂಟು ಶನಿವಾರ. ಅದಕ್ಕೆ ಸರ್ಟಿಫಿಕೇಟ್ ಇಲ್ಲ. ಪಾಯಿಂಟ್ ಕೂಡ ಇಲ್ಲ.

ಅದೇ ಸಮಯದಲ್ಲಿ ನಾವು ಹೋಗುವ ಜಾಗದ ಬಗ್ಗೆಯೂ ಓದತೊಡಗಿದೆ. ಪಾಲ್ಪಾ ಜಿಲ್ಲೆಯ ಮುಖ್ಯ ಪಟ್ಟಣ ತಾನ್ಸೇನ್. 1951ರವರೆಗೆ ರಾಣಾಗಳ ಆಳ್ವಿಕೆಯಲ್ಲಿ ನೇಪಾಳ ಹೊರಗಿನವರಿಗೆ ಹೆಚ್ಚುಕಡಿಮೆ ಮುಚ್ಚಿದ ದೇಶ. ಅಮೆರಿಕದ ಪಕ್ಷಿತಜ್ಞ ರಾಬರ್ಟ್ ಫ್ಲೆಮಿಂಗ್ ಪಕ್ಷಿಗಳ ಅಧ್ಯಯನಕ್ಕೆಂದು ತಾನ್ಸೇನ್ ಕಡೆ ಹೋದಾಗ ಅಲ್ಲಿ ಆಸ್ಪತ್ರೆ ಬೇಕೆಂದು ಜನ ಕೇಳಿದರು. ಅದರಿಂದ ಮುಂದೆ 1954ರಲ್ಲಿ ಯುನೈಟೆಡ್ ಮಿಷನ್ ಟು ನೇಪಾಲ್ ಹುಟ್ಟಿತು. ನೇಪಾಳ ಸರ್ಕಾರ ಒಪ್ಪಿಗೆ ಕೊಟ್ಟದ್ದು ಷರತ್ತಿನ ಮೇಲೆ. ಆಸ್ಪತ್ರೆ ನಡೆಸಿ, ಮತಪ್ರಚಾರ ಬೇಡ. ಅವರು ಆ ಷರತ್ತಿಗೆ ಒಪ್ಪಿಯೇ ಬಂದರು. ತಾನ್ಸೇನ್‌ನ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ.

ಆ ಆಸ್ಪತ್ರೆಯ ಕಟ್ಟಡ ಕಟ್ಟಲು 1958ರಲ್ಲಿ ನಾರ್ವೆಯಿಂದ ಒಬ್ಬ ಇಲೆಕ್ಟ್ರಿಕಲ್ ಇಂಜಿನಿಯರ್ ಬಂದರು. ಹೆಸರು ಓಡ್ ಹೊಫ್ಟುನ್. ಆಸ್ಪತ್ರೆ ಮುಗಿದ ಮೇಲೆ ಅವರು ನೋಡಿದ್ದು, ಬೆಟ್ಟಗಳಲ್ಲಿ ಇಷ್ಟು ನೀರು ಹರಿದರೂ ವಿದ್ಯುತ್ ಇಲ್ಲ, ಕೆಲಸ ಗೊತ್ತಿರುವ ಕೈಗಳೂ ಕಡಿಮೆ. ಹಾಗಾಗಿ ಮೊದಲು ಅಣೆಕಟ್ಟು ಕಟ್ಟಲು ಹೋಗಲಿಲ್ಲ. 1963ರಲ್ಲಿ ಬುಟ್ವಲ್‌ನಲ್ಲಿ ಹುಡುಗರಿಗೆ ಕೆಲಸ ಮಾಡುತ್ತಲೇ ಕಲಿಯುವ ತಾಂತ್ರಿಕ ಸಂಸ್ಥೆ ತೆರೆದರು. ಮತ್ತೆ ಬುಟ್ವಲ್ ಪವರ್ ಕಂಪನಿ ಶುರುವಾಯಿತು. ನಾರ್ವೆಯಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ತರಿಸಿ, ಸ್ಥಳೀಯ ಹುಡುಗರಿಂದಲೇ ಸುರಂಗ ಕೊರೆಸಿ ತಿನಾವು ನದಿಯಲ್ಲಿ ಒಂದು ಮೆಗಾವಾಟ್‌ನ ಘಟಕ ಮಾಡಿದರು. ಆಮೇಲೆ ಆಂಧಿಖೋಲಾದಲ್ಲಿ 5.1 ಮೆಗಾವಾಟ್, ಜಿಮ್ರುಕ್‌ನಲ್ಲಿ 12 ಮೆಗಾವಾಟ್. ಒಂದರಲ್ಲಿ ಕಲಿತವರು ಮುಂದಿನದನ್ನು ಕಟ್ಟಿದರು. ಅವರೂ ಮಿಷನರಿಯೇ. ನಾನು ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕೇಳಿದ ಮಿಷನರಿ ಕಥೆಗಳಲ್ಲಿ ಟರ್ಬೈನ್ ಬಂದದ್ದು ನೆನಪಿಲ್ಲ. ಬಂದಿದ್ದರೆ ಇನ್ನೂ ಚೆನ್ನಾಗಿ ಕೇಳುತ್ತಿದ್ದೆ.

ನಮ್ಮೂರಿನ ಕಥೆಯೂ ಬೇರೆಯಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಅವರು ಬಂದದ್ದು ಧರ್ಮಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇವತ್ತು ಕನ್ನಡಿಗರೆಲ್ಲ ನೆನಪಿಟ್ಟುಕೊಂಡಿರುವುದು ಯಾವುದನ್ನು? 1843ರಲ್ಲಿ ಮೊಗ್ಲಿಂಗ್ ಶುರು ಮಾಡಿದ ‘ಮಂಗಳೂರ ಸಮಾಚಾರ’ವನ್ನು, 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು, ಹಂಚಿನ ಕಾರ್ಖಾನೆಗಳನ್ನು. ನನ್ನಜ್ಜ ಅಂಥದೇ ಒಂದು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಿಟೆಲ್ 1853ರಲ್ಲಿ ಬಂದವರು ಜನರ ಬಾಯಿಂದ ಮಾತು ಕೇಳಿ ಕೇಳಿ ಬರೆದುಕೊಂಡರು, ನಿಘಂಟು ಹೊರಬರುವಾಗ ನಲವತ್ತು ವರ್ಷ ಕಳೆದಿತ್ತು. ನಾವು ಹೋಗುತ್ತಿರುವುದು ಹತ್ತು ದಿನಕ್ಕೆ. ಹತ್ತು ದಿನದಲ್ಲಿ ಯಾರೂ ಕಿಟೆಲ್ ಆಗುವುದಿಲ್ಲ, ಹೊಫ್ಟುನ್ ಕೂಡ ಆಗುವುದಿಲ್ಲ. ಅಷ್ಟು ಗೊತ್ತಿದ್ದರೆ ‘ಒಂದು ಊರನ್ನೇ ಬದಲಾಯಿಸಿ ಬರುತ್ತೇವೆ’ ಎನ್ನುವ ಮಾತು ಬಾಯಲ್ಲಿ ಬರುವುದಿಲ್ಲ.

ಭಾಷೆಯನ್ನಾದರೂ ಕಲಿಯೋಣ ಎಂದು ಹಟ ಹಿಡಿದೆವು. ವಾರಕ್ಕೆ ಎರಡು ರಾತ್ರಿ, ಊಟವಾದ ಮೇಲೆ ಅರ್ಧ ಗಂಟೆ, ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ದಾಯಿಯ ಪಾಠ. ನೇಪಾಳಿಯ ಲಿಪಿ ದೇವನಾಗರಿ, ಹಾಗಾಗಿ ಶಾಲೆಯ ಹಿಂದಿ ಕೈ ಹಿಡಿಯಿತು. ‘ಧನ್ಯವಾದ’ ಅಲ್ಲಿಯೂ ಧನ್ಯವಾದವೇ. ದಾಯಿ ಮೊದಲು ಕಲಿಸಿದ್ದು ‘ತಪಾಈಂಕೊ ನಾಮ ಕೆ ಹೋ?’ ಎಂದು. ನಿಮ್ಮ ಹೆಸರೇನು ಎಂದರ್ಥ. ಮೂರು ವರ್ಷ ನಾನು ಅವರನ್ನು ಕೇಳದಿದ್ದ ಪ್ರಶ್ನೆ. ಎರಡನೆಯದು ‘ಮಲಾಈ ಥಾಹಾ ಛೈನ’, ನನಗೆ ಗೊತ್ತಿಲ್ಲ. ಮೂರನೆಯದು ‘ಮಲಾಈ ಸಿಕಾಉನುಹೋಸ್’, ನನಗೆ ಕಲಿಸಿಕೊಡಿ. ಈ ಮೂರು ಬಂದರೆ ಎಲ್ಲಿ ಹೋದರೂ ಬದುಕಬಹುದು ಎಂದು ನಗುತ್ತಾರೆ.

ಇನ್ನೂ ಚಿಕ್ಕಪುಟ್ಟ ವಿಷಯಗಳು. ಅಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಚರ್ಚಿನವರು ಸೇರುವುದೂ ಶನಿವಾರವೇ. ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ. ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು, ಈ ಲೆಕ್ಕ 1993ರಿಂದ ಬದಲಾಗಿಲ್ಲ. ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ನಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ನಮ್ಮಲ್ಲಿ ಮೂವರು ಹದಿನೆಂಟು ದಾಟಿ ಎರಡು ವರ್ಷವಾದರೂ ಮತದಾರರ ಚೀಟಿ ಮಾಡಿಸಿರಲಿಲ್ಲ. ಪ್ರವಾಸದ ನೆಪದಲ್ಲಿ ಓಟು ಹಾಕುವ ಯೋಗ್ಯತೆ ಬಂತು. ರೂಂಮೇಟ್ ಕೂಡ ಒಂದು ವಿಷಯ ಹೇಳಿದ. ಕಠ್ಮಂಡುವಿನ ಪಶುಪತಿನಾಥ ದೇವಸ್ಥಾನದ ಮುಖ್ಯ ಪೂಜೆ ಮಾಡುವ ಭಟ್ಟರು ಹಿಂದಿನಿಂದಲೂ ದಕ್ಷಿಣ ಭಾರತದಿಂದ ಹೋದವರು, ಅದರಲ್ಲಿ ಕರ್ನಾಟಕದವರೇ ಹೆಚ್ಚು. ‘ನಿಮಗಿಂತ ಮುಂಚೆ ನಾವು ಅಲ್ಲಿಗೆ ಹೋಗಿ ಆಗಿದೆ’ ಎಂದು ಕಾಲೆಳೆದ. ಈಗ ನಮ್ಮ ಪ್ರವಾಸದ ಬಗ್ಗೆ ನನಗಿಂತ ಅವನಿಗೇ ಹೆಚ್ಚು ಕುತೂಹಲ.

ಕೊನೆಯ ಮಾತು ದುಡ್ಡಿನದ್ದು. ತಲೆಗೆ 38 ಸಾವಿರ ಎಂದರೆ ಐವರಿಗೆ 1 ಲಕ್ಷ 90 ಸಾವಿರ. ನಮ್ಮ ಸಭೆಯವರು ಶ್ರೀಮಂತರಲ್ಲ. ಕೊಯ್ಲಿನ ಹಬ್ಬದ ಏಲಂನಲ್ಲಿ ಒಂದು ಹಲಸಿನ ಹಣ್ಣನ್ನು ಸಾವಿರ ರೂಪಾಯಿಗೆ ಕೂಗಿ ಕೊಳ್ಳುವವರು ಮನೆಗೆ ಹೋಗಿ ತಿಂಗಳ ಖರ್ಚನ್ನು ಹೊಂದಿಸುತ್ತಾರೆ. ನನ್ನಮ್ಮ ಬೀಡಿ ಕಟ್ಟುತ್ತಾರೆ. ಜೂನ್‌ನಲ್ಲಿ ಒಂದು ದಿನ ಐದು ಸಾವಿರ ರೂಪಾಯಿ ತಂದು ನನ್ನ ಕೈಗಿಟ್ಟರು. ‘ಇದು ಎಲ್ಲಿಂದ?’ ಎಂದೆ. ‘ದೇವರ ಕೆಲಸಕ್ಕೆ ಹೋಗ್ತಿದ್ದಿ, ಕೇಳ್ಬೇಡ’ ಎಂದರು. ಎಷ್ಟು ಬೀಡಿ ಕಟ್ಟಿದರೆ ಐದು ಸಾವಿರ ಆಗುತ್ತದೆ ಎಂದು ನನಗೆ ಗೊತ್ತು. ಆ ದುಡ್ಡಿನಲ್ಲಿ ಪೋಖರಾದ ಸರೋವರದಲ್ಲಿ ದೋಣಿ ಹತ್ತಿ ಫೋಟೊ ತೆಗೆಸಿಕೊಳ್ಳುವುದು ನನ್ನಿಂದಾಗದು.

ಕುಳಿತು ಲೆಕ್ಕ ಹಾಕಿದೆವು. ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ. ಗೇಟನ್ನು ನಡೆದೇ ದಾಟಿದರೆ ನೇಪಾಳ. ಮತ್ತೆ ಬುಟ್ವಲ್, ಅಲ್ಲಿಂದ ಬೆಟ್ಟ ಹತ್ತಿದರೆ ತಾನ್ಸೇನ್. ಸ್ಲೀಪರ್ ಕ್ಲಾಸ್, ಶಾಲೆಯಲ್ಲೇ ನಮ್ಮ ಖರ್ಚಿನ ಊಟ, ಪೋಖರಾ ಕಠ್ಮಂಡು ರದ್ದು. ತಲೆಗೆ 13 ಸಾವಿರದಲ್ಲಿ ಮುಗಿಯುತ್ತದೆ. ಐವರಿಗೆ 65 ಸಾವಿರ. ಉಳಿಯುವುದು 1 ಲಕ್ಷ 25 ಸಾವಿರ. ಅಷ್ಟು ದುಡ್ಡು ಇನ್ನೂ ಒಟ್ಟಾಗಿಲ್ಲ, ಆದರೆ ಒಟ್ಟಾದಷ್ಟರಲ್ಲಿ ಪ್ರಯಾಣ ಕಳೆದು ಉಳಿದದ್ದು ಹೊಸ ಬ್ಯಾಟರಿಗೆ. ಬ್ಯಾಟರಿಯನ್ನು ಅಲ್ಲಿಯೇ ಬುಟ್ವಲ್‌ನ ಅಂಗಡಿಯಲ್ಲಿ ಕೊಳ್ಳುತ್ತೇವೆ, ಕೆಟ್ಟರೆ ವಾರಂಟಿಗೆ ಅವರು ಮಂಗಳೂರಿಗೆ ಬರುವಂತಾಗಬಾರದಲ್ಲ. ಅದಕ್ಕೂ ಮೇಲೆ ಉಳಿದರೆ ಏನು ಮಾಡಬೇಕೆಂದು ಶಾಲೆಯವರೇ ಹೇಳಲಿ. ಪ್ರತಿ ರೂಪಾಯಿಯ ಲೆಕ್ಕವನ್ನು ಚರ್ಚಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ ಎಂದು ಅಯ್ಯನವರ ಮುಂದೆ ಮಾತು ಕೊಟ್ಟಿದ್ದೇವೆ.

‘ಹಾಗಾದರೆ ನೀವು ಹೋಗುವುದೇ ಯಾಕೆ? ಎಲ್ಲಾ ದುಡ್ಡನ್ನೂ ಕಳಿಸಿಬಿಡಿ’ ಎಂದು ಯಾರಾದರೂ ಕೇಳಬಹುದು. ನಾವೂ ಕೇಳಿಕೊಂಡೆವು. ಐವರಲ್ಲಿ ಇಬ್ಬರು ಆ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟರು. ಮಿಷನ್ ಎಂದರೆ ಟೂರಾ ಎಂದು ಕೇಳಿದ ಬಿ.ಕಾಂ. ಗೆಳೆಯ, ‘ಬ್ಯಾಟರಿ ಕೆಲಸದಲ್ಲಿ ನಂಗೆ ಏನೂ ಬರುದಿಲ್ಲ, ನನ್ನ 13 ಸಾವಿರ ಅಲ್ಲಿಗೇ ಹೋಗ್ಲಿ’ ಎಂದು ಹಿಂದೆ ಸರಿದ. ಅವನನ್ನು ನಾನು ಎಷ್ಟು ತಪ್ಪು ತಿಳಿದಿದ್ದೆ! ಕೆಲಸ ಹುಡುಕುತ್ತಿರುವ ಗೆಳೆಯನೂ ಬರುತ್ತಿಲ್ಲ. ಆ ಸಮಯಕ್ಕೆ ಒಂದು ಪರೀಕ್ಷೆಯಿದೆ, ಮನೆಯ ಪರಿಸ್ಥಿತಿಯೂ ಹಾಗಿದೆ. ಟ್ರಿಪ್ಪಿನ ಮಾತೆತ್ತಿದವನೇ ಅವನು. ಲೆಕ್ಕಪತ್ರವನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ. ಮೂವರು ಹೋಗುತ್ತಿದ್ದೇವೆ. ಇಬ್ಬರು ಬ್ಯಾಟರಿಗೆ. ನರ್ಸಿಂಗ್ ಗೆಳತಿ ಅಲ್ಲಿಯ ಶಿಕ್ಷಕಿಯರು ಕೇಳಿಕೊಂಡಂತೆ ಪ್ರಥಮ ಚಿಕಿತ್ಸೆ ಕಲಿಸಲಿಕ್ಕೆ. ಕಲಿಸುವ ಕೆಲಸವಿರುವುದರಿಂದಲೇ ಹೋಗುತ್ತಿದ್ದೇವೆ. ದುಡ್ಡು ಮಾತ್ರ ಕಳಿಸಿದರೆ ಹೊಸ ಬ್ಯಾಟರಿಯೂ ಎರಡು ವರ್ಷದಲ್ಲಿ ಹಳೆಯದರಂತೆ ಸತ್ತುಹೋಗುತ್ತದೆ.

ಹಾಗಾಗಿ ನನ್ನ ವಾದ ಇಷ್ಟೇ. ಸೇವೆಗೆಂದು ಹೋಗುವ ಮುಂಚೆ ಅಲ್ಲಿಯವರನ್ನು ಕೇಳಿ. ಅವರು ಹೇಳಿದ ಕೆಲಸ ನಿಮಗೆ ಬರುತ್ತದೆಯೇ ನೋಡಿಕೊಳ್ಳಿ, ಬಾರದಿದ್ದರೆ ಕಲಿಯಿರಿ, ಕಲಿಯಲಾಗದಿದ್ದರೆ ಜಾಗ ಬಿಟ್ಟುಕೊಡಿ. ಆ ಊರಿನ ಕಾನೂನನ್ನು, ನಾಲ್ಕು ಮಾತನ್ನು ತಿಳಿದುಕೊಳ್ಳಿ. ಮಕ್ಕಳ ಮುಖವನ್ನು ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ. ಕೊಟ್ಟವರಿಗೆ ಲೆಕ್ಕ ಕೊಡಿ. ಇದರಲ್ಲಿ ಯಾವುದೂ ನಮ್ಮ ನಂಬಿಕೆಗೆ ವಿರುದ್ಧವಲ್ಲ. ನಂಬಿಕೆ ಇರುವವನು ಇನ್ನೂ ಜಾಗ್ರತೆಯಿಂದ ಮಾಡಬೇಕು, ಏಕೆಂದರೆ ಅವನು ತನ್ನ ಹೆಸರಿನಲ್ಲಿ ಮಾತ್ರ ಹೋಗುತ್ತಿಲ್ಲ.

ಪರೀಕ್ಷೆ ಮುಗಿದ ಮಾರನೇ ವಾರ ಹೊರಡುತ್ತೇವೆ. ಟಿ-ಶರ್ಟ್ ಮಾಡಿಸಿಲ್ಲ. ಬ್ಯಾಗಿನಲ್ಲಿ ಅಂಗಡಿಯ ಅಣ್ಣ ಕೊಟ್ಟ ಹಳೆಯ ಹೈಡ್ರೋಮೀಟರ್ ಇದೆ, ಗಾಜಿನದ್ದು, ಒಡೆಯದಂತೆ ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ. ದಾಯಿ ತಮ್ಮ ಮಗಳಿಗೆ ಒಂದು ಸ್ವೆಟರ್ ಕೊಟ್ಟಿದ್ದಾರೆ. ಅವಳ ಹಾಸ್ಟೆಲ್ ನಮ್ಮ ದಾರಿಯಲ್ಲಿ ಇಲ್ಲ. ಬುಟ್ವಲ್‌ನಿಂದ ಆ ಕಡೆ ಹೋಗುವ ಬಸ್ಸಿನಲ್ಲಿ ಕಳಿಸಿದರೆ ಅಲ್ಲಿ ಅವರ ತಮ್ಮ ಬಂದು ತೆಗೆದುಕೊಳ್ಳುತ್ತಾರಂತೆ. ಕಂಡಕ್ಟರನಿಗೆ ಹೇಳಬೇಕಾದ ಮಾತನ್ನು ನೇಪಾಳಿಯಲ್ಲಿ ಬರೆಸಿಕೊಂಡು ದಿನಾ ಬಾಯಿಪಾಠ ಮಾಡುತ್ತಿದ್ದೇನೆ. ಪರೀಕ್ಷೆಯ ಓದಿಗಿಂತ ಅದರ ಭಯವೇ ಈಗ ಹೆಚ್ಚಾಗಿದೆ.